ಮೂರು ದಿನದಲ್ಲಿ ನಲವತ್ತು ವರ್ಷ

ಬೆಳಗಿನ ಐದೂವರೆ. ಮೂರನೆಯ ಮಹಡಿಯ ಮೇಲಿನ ತಾರಸಿಯಲ್ಲಿ ಹೆಂಗಸೊಬ್ಬರು ಚಕ್ಕಳಮಕ್ಕಳ ಹಾಕಿ ಕೂತು, ಪುಟ್ಟ ಮರದ ಪೆಟ್ಟಿಗೆಯ ಮುಚ್ಚಳಕ್ಕೆ ಸ್ಯಾಂಡ್ ಪೇಪರ್ ಉಜ್ಜುತ್ತಿದ್ದಾರೆ. ಎರಡು ಸಲ ಉಜ್ಜುತ್ತಾರೆ, ಉಫ್ ಎಂದು ಊದುತ್ತಾರೆ, ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಸವರಿ ನೋಡುತ್ತಾರೆ. ಪೆಟ್ಟಿಗೆ ಅಂಗಡಿಯಿಂದ ಬಂದು ಮೂರು ದಿನವಾಗಿದೆ. ಇವತ್ತು ಮಧ್ಯಾಹ್ನದೊಳಗೆ ಅದಕ್ಕೆ ನಲವತ್ತು ವರ್ಷ ತುಂಬಬೇಕು.

ಬೀದಿಯಲ್ಲಿ ಇವರು ‘ಹಳೇಬಣ್ಣದಕ್ಕ’. ಅಗ್ಗದ ಫೋಟೋ ಚೌಕಟ್ಟು, ಹೂದಾನಿ, ಗೋಡೆ ಗಡಿಯಾರ ಇವರ ಮನೆಗೆ ಹೊಳೆಯುತ್ತ ಬಂದು, ಮಂಕಾಗಿ, ಹಳೇ ಕಾಲದ ಸಾಮಾನಿನಂತೆ ಅಂಗಡಿಗೆ ಹೋಗುತ್ತವೆ. ದಿನಕ್ಕೆ ಹದಿನೆಂಟು ಚೌಕಟ್ಟು, ಇಲ್ಲವೇ ಹತ್ತು ಗಡಿಯಾರ. ಮೊದಲು ಕಂದು ಬಣ್ಣ, ಅಂಚಿಗೆ ಮೇಣದ ಬತ್ತಿ, ಅದರ ಮೇಲೆ ತಿಳಿ ಬಣ್ಣ. ಒಣಗಿದ ಮೇಲೆ ಉಜ್ಜಿದರೆ ಮೇಣವಿದ್ದಲ್ಲಿ ಬಣ್ಣ ಎದ್ದು ಒಳಗಿನ ಕಂದು ಇಣುಕುತ್ತದೆ. ಆಮೇಲೆ ನೀರು ನೀರಾದ ಕಪ್ಪು ಬಣ್ಣ ಬಳಿದು ತಕ್ಷಣ ಒರೆಸುತ್ತಾರೆ. ಸಂದಿಗೊಂದಿಯಲ್ಲಿ ಉಳಿದದ್ದೇ ಕೊಳೆ. ಕೊನೆಗೆ, ಬಳಿದದ್ದು ಅಳಿಸದಂತೆ, ಮೇಲೊಂದು ಪದರ ವಾರ್ನಿಷ್.

“ಬಣ್ಣ ಯಾರು ಬೇಕಾದ್ರೂ ಬಳೀತಾರೆ. ಎಲ್ಲಿ ಸವೀಬೇಕು ಅಂತ ಗೊತ್ತಿರ್ಬೇಕು. ಕೈ ಹೋಗದ ಕಡೆ ಸವೆದಿದ್ರೆ ಅದು ಹಳೇದಲ್ಲ, ಇಲಿ ಕಡಿದಿದ್ದು.”

ಮೊದಲು ಇವರು ಪೀಠೋಪಕರಣ ಕಾರ್ಖಾನೆಯೊಂದರಲ್ಲಿದ್ದರು. ಹನ್ನೆರಡು ವರ್ಷ ಅಲ್ಲಿ ಮೇಜು ಕುರ್ಚಿಗಳ ಗೀರು ಅಳಿಸುವುದೇ ಕೆಲಸ. ಕಾರ್ಖಾನೆ ಮುಚ್ಚಿತು, ಈಗ ಗೀರು ಹಾಕುತ್ತಾರೆ. ಬಾಗಿಲಲ್ಲಿ ಕೂತ ಅತ್ತೆ ಕೇಳದಿದ್ದರೂ ಹೇಳುತ್ತಾರೆ: “ಸೊಸೆ ಅಂತ ಹೊಗಳ್ತಿಲ್ಲ. ಆಗ ಕೆಟ್ಟಿದ್ದನ್ನ ಸರಿ ಮಾಡ್ತಿದ್ಲು, ಈಗ ಸರಿ ಇರೋದನ್ನ ಕೆಡಿಸ್ತಾಳೆ. ಎರಡಕ್ಕೂ ಜನ ಬರ್ತಾರೆ ನೋಡಿ.”

“ನಿಮ್ಮನ್ನ ಮಾತ್ರ ಏನೂ ಮಾಡೋಕಾಗ್ಲಿಲ್ಲ ಅತ್ತೆ” ಎನ್ನುತ್ತಾರೆ ಸೊಸೆ, ತಲೆ ಎತ್ತದೆ.

ಉಜ್ಜಿ ಉಜ್ಜಿ ಇವರ ಬೆರಳ ತುದಿಯ ಗೆರೆಗಳೇ ಮಾಸಿವೆ. ಹೆಬ್ಬೆಟ್ಟು ಒತ್ತುವ ಯಂತ್ರ ಇವರನ್ನು ಗುರುತಿಸುವುದಿಲ್ಲ. ದೂಳಿಗೆ ವರ್ಷವಿಡೀ ಒಣ ಕೆಮ್ಮು. ಇವತ್ತಿನ ಚಿಂತೆ ಇವೆರಡೂ ಅಲ್ಲ, ಕೈಯಲ್ಲಿರುವ ಈ ಪೆಟ್ಟಿಗೆ.

ಪೆಟ್ಟಿಗೆ ಪಕ್ಕದ ಬೀದಿಯ ಟೀಚರೊಬ್ಬರ ತಾಯಿಗಾಗಿ. ಆ ಮುದುಕಿ ನಲವತ್ತು ವರ್ಷ ಬಟ್ಟೆ ಹೊಲಿದವರು. ಈಗ ನೆನಪು ಕೈಕೊಡುತ್ತಿದೆ. ಮನೆ ಬದಲಿಸುವಾಗ ಅವರ ಗುಂಡಿ ಪೆಟ್ಟಿಗೆ ಬೀರುವಿನಡಿ ಸಿಕ್ಕಿ ಪುಡಿಯಾಯಿತು. ಗುಂಡಿಗಳು ಉಳಿದವು, ಪೆಟ್ಟಿಗೆ ಹೋಯಿತು. ಅಂದಿನಿಂದ ಅವರು ಊಟ ಅರ್ಧಕ್ಕೆ ಬಿಟ್ಟು ಎದ್ದು ಅದನ್ನೇ ಹುಡುಕುತ್ತಾರೆ. ಟೀಚರ್ ಮೊದಲ ಸಲ ಅದೇ ಅಳತೆಯ ಹೊಸ ಪೆಟ್ಟಿಗೆ, ಹಳೆಯದು ಅರ್ಧ ಮಾತ್ರ ಕಾಣುವ ಒಂದು ಫೋಟೋ ತಂದುಕೊಟ್ಟರು. ಹಳೇಬಣ್ಣದಕ್ಕ ಮಾಡಿಕೊಟ್ಟರು. ಮುದುಕಿ ಅದನ್ನು ಎರಡು ಸಲ ತಿರುಗಿಸಿ, “ಇದು ಯಾರ್ದೋ. ವಾಪಸ್ ಕೊಟ್ಟು ಬಾ, ಪಾಪ, ಹುಡುಕ್ತಿರ್ತಾರೆ” ಎಂದು ಮಗಳ ಕೈಗಿತ್ತರು.

ತಪ್ಪೆಲ್ಲಿ ಎಂದು ತಿಳಿಯಲು ಇವರೇ ಆ ಮನೆಗೆ ಹೋದರು. ಮುದುಕಿಯ ಕಣ್ಣು ನೇರ ಇವರ ತೋಳಿನ ಮೇಲೆ ಬಿತ್ತು.

“ಏನಮ್ಮ, ಗುಂಡಿ ನೇತಾಡ್ತಿದೆ. ಹೀಗೇ ಬೀದಿ ಸುತ್ತುತ್ತೀಯಾ? ಬಾ ಇಲ್ಲಿ.”

ಕೂರಿಸಿಕೊಂಡು ಹೊಲಿದೇಬಿಟ್ಟರು. ಸೂಜಿ ಎಡಗೈಯಲ್ಲಿತ್ತು.

“ಅವರು ಎಡಗೈಯವರು. ನನ್ನ ಕೈ ನೋಡ್ಕೊಂಡು ಬಲಗಡೆ ಸವೆಸಿದ್ದೆ. ಇಷ್ಟು ವರ್ಷ ಮಾಡಿದ ಎಲ್ಲಾ ಸಾಮಾನಿನಲ್ಲೂ ಸವೆದಿರೋದು ನಂದೇ ಕೈ ಅಂತ ಆವತ್ತು ಗೊತ್ತಾಯ್ತು” ಎನ್ನುತ್ತಾರೆ.

ಆಮೇಲೆ ಇನ್ನೊಂದು ಹೊಸ ಪೆಟ್ಟಿಗೆ ತರಿಸಿ ಮೊದಲಿನಿಂದ ಶುರು ಮಾಡಿದರು. ಮೂರು ದಿನದಿಂದ ಎಡಗೈಯಲ್ಲಿ ಮುಚ್ಚಳ ತೆರೆದು ಮುಚ್ಚಿ, ಬೆರಳು ಬೀಳುವ ಜಾಗಕ್ಕೆ ಸೀಮೆಸುಣ್ಣದ ಗುರುತಿಟ್ಟು, ಅಲ್ಲಷ್ಟೇ ಉಜ್ಜಿದ್ದಾರೆ. ಇದಾದ ಮೇಲೆ ಇನ್ನೊಂದು ಮಾಡಿಕೊಡಿ ಎಂದು ಕೇಳುವುದಿಲ್ಲ ಎಂದಿದ್ದಾರೆ ಟೀಚರ್: “ಇದೂ ಆಗ್ಲಿಲ್ಲ ಅಂದ್ರೆ ಬಿಡಿ ಅಕ್ಕ. ಮತ್ತೆ ಮತ್ತೆ ಬೇರೆಯವರ ಪೆಟ್ಟಿಗೆ ತೋರಿಸಿ ಅಮ್ಮನ್ನ ನೋಯಿಸೋಕೆ ನನ್ನ ಕೈಲಾಗಲ್ಲ.”

ಮಧ್ಯಾಹ್ನ ಹನ್ನೆರಡು. ಟೀಚರ ಮನೆಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಮುದುಕಿ ಕೂತಿದ್ದಾರೆ, ಹಳೇಬಣ್ಣದಕ್ಕ ಬಾಗಿಲ ಬಳಿ ನಿಂತಿದ್ದಾರೆ. ಗುಂಡಿ ತುಂಬಿದ ಪೆಟ್ಟಿಗೆಯನ್ನು ಟೀಚರ್ ತಾಯಿಯ ಮಡಿಲಲ್ಲಿಡುತ್ತಾರೆ. ಮುದುಕಿ ನೋಡುವುದಿಲ್ಲ. ಎಡಗೈ ಮಾತ್ರ ಮುಚ್ಚಳದ ಮೇಲೆ ಸರಿದು, ಅಂಚಿಗೆ ಬಂದು ನಿಲ್ಲುತ್ತದೆ. ಹೆಬ್ಬೆರಳು ಒತ್ತುತ್ತದೆ. ಮುಚ್ಚಳ ತೆರೆಯುತ್ತದೆ. ಒಂದು ಬಿಳಿ ಗುಂಡಿ ತೆಗೆದು ಬೆಳಕಿಗೆ ಹಿಡಿದು ಒಳಗೆ ಹಾಕುತ್ತಾರೆ. ಆಮೇಲೆ ಪೆಟ್ಟಿಗೆಯ ಮೂಲೆ ನೋಡಿ ಹುಬ್ಬು ಗಂಟಿಕ್ಕುತ್ತಾರೆ.

“ಯಾರೇ ಇದನ್ನ ಇಷ್ಟು ಕೊಳಕು ಮಾಡಿದ್ದು? ನನ್ನ ಪೆಟ್ಟಿಗೆ ಮುಟ್ಟಬೇಡಿ ಅಂತ ಎಷ್ಟು ಸಲ ಹೇಳ್ಬೇಕು ನಿಮ್ಗೆ? ಬಟ್ಟೆ ಒದ್ದೆ ಮಾಡ್ಕೊಂಡು ಬಾ.”

ಟೀಚರ್ ಅಡುಗೆಮನೆಗೆ ಹೋದವರು ನಲ್ಲಿ ಬಿಟ್ಟುಕೊಂಡು ಅಲ್ಲೇ ನಿಂತುಬಿಡುತ್ತಾರೆ. ಕಡೆಗೆ ಕೆಂಪಾದ ಕಣ್ಣಿನೊಂದಿಗೆ ಒದ್ದೆ ಬಟ್ಟೆ ತಂದುಕೊಡುತ್ತಾರೆ. ಮುದುಕಿ ಒಂದಿಷ್ಟು ಉಜ್ಜಿ, ಸುಸ್ತಾಗಿ, ಪೆಟ್ಟಿಗೆಯನ್ನೂ ಬಟ್ಟೆಯನ್ನೂ ಹಳೇಬಣ್ಣದಕ್ಕನ ಕಡೆ ಚಾಚುತ್ತಾರೆ. “ನೀನು ಗಟ್ಟಿ ಇದ್ದೀಯ, ಉಜ್ಜಮ್ಮ.”

ಇವರು ಉಜ್ಜುತ್ತಾರೆ. ವಾರ್ನಿಷ್ ಅಲುಗುವುದಿಲ್ಲ.

“ಹೋಗ್ತಿಲ್ಲ ಅಮ್ಮ” ಎನ್ನುತ್ತಾರೆ. “ತುಂಬಾ ಹಳೇ ಕೊಳೆ.”