ದ್ರಾಕ್ಷಿ ತಿಂದ್ಬಿಟ್ಲು

ನಾನಿರುವುದು ಸೋದರಮಾವನ ಮನೆಯಲ್ಲಿ, ಅವರು ಮುದ್ರಣಾಲಯದಲ್ಲಿ ಕರಡು ತಿದ್ದುವವರು. ಕರಡು ತಿದ್ದುವ ಮಾಮ ಓಣಿಯ ಮಕ್ಕಳ ಬಾಯಲ್ಲಿ ಕರಡಿ ಮಾಮ ಆಗಿದ್ದಾರೆ. ಕಿವಿಯ ಮೇಲೊಂದು ಕೆಂಪು ಪೆನ್ಸಿಲ್ ಸದಾ ಇರುತ್ತದೆ. ಕರೆಂಟ್ ಬಿಲ್ಲನ್ನೂ ಔಷಧಿ ಚೀಟಿಯನ್ನೂ ತಿದ್ದದೆ ಬಿಟ್ಟವರಲ್ಲ. ನಾನು "ಹಾಲು ತಂದೆ" ಎಂದರೆ ಸಾಲದು, "ಹಾಲನ್ನು ತಂದೆ" ಎನ್ನಬೇಕು. ಪ್ರತ್ಯಯ ನುಂಗಿದರೆ ಊಟಕ್ಕೆ ಕೂತಲ್ಲೇ ಪಾಠ ಶುರುವಾಗುತ್ತದೆ. ಎಷ್ಟೋ ಸಲ ತಲೆ ಚಿಟ್ಟು ಹಿಡಿದು ತಟ್ಟೆ ಎತ್ತಿಕೊಂಡು ಎದ್ದುಹೋಗಿದ್ದೇನೆ.

ಆದರೆ ಅವರಿಗೆ ಅಕ್ಷರ ಕಾಣುತ್ತದೆಯೇ ಹೊರತು ಅರ್ಥ ಕಾಣುವುದಿಲ್ಲ. ಹೋದ ತಿಂಗಳು ಸಾಕುಪ್ರಾಣಿಗಳ ಬೇಸಿಗೆ ಆರೈಕೆಯ ಕಿರುಪುಸ್ತಕವೊಂದನ್ನು ಮೂರು ಸಲ ತಿದ್ದಿದರು. ಅದರಲ್ಲಿ ಏನಿತ್ತು ಎಂದು ಅತ್ತೆ ಕೇಳಿದ್ದಕ್ಕೆ, "ಏನಿರತ್ತೆ? ಐದು ಕಡೆ ಕಲ್ಲಂಗಡಿಗೆ ಒತ್ತೇ ಕೊಟ್ಟಿಲ್ಲ. ಕಲಂಗಡಿಯಂತೆ!" ಎಂದು ಸಿಡುಕಿದರು.

ಮನೆಯಲ್ಲಿ ಇನ್ನೊಬ್ಬಳಿದ್ದಾಳೆ. ಮೈಯೆಲ್ಲ ಕಪ್ಪು, ಕಣ್ಣು ಇನ್ನೂ ಕಪ್ಪು. ಮರಿಯಾಗಿದ್ದಾಗ ಮಾಮನ ಅಂಗೈಯಲ್ಲಿ ಗುಂಡಗೆ ಮುದುಡಿ ಮಲಗಿದ್ದನ್ನು ಕಂಡು ಅವರೇ ಇಟ್ಟ ಹೆಸರು ದ್ರಾಕ್ಷಿ. ಮಾಮನಿಗೆ ಮಕ್ಕಳಿಲ್ಲ. ಮಾಮ ತಪ್ಪು ಹುಡುಕದ ಜೀವ ಅದೊಂದೇ. ಅವಳು ತಪ್ಪು ಹೊತ್ತಲ್ಲಿ ಬೊಗಳಿದರೂ ಅವರಿಗೆ ಸರಿಯಾಗೇ ಕೇಳುತ್ತದೆ.

ಆ ಭಾನುವಾರ ಮಧ್ಯಾಹ್ನ ಅತ್ತೆ ಅರ್ಧ ಕಲ್ಲಂಗಡಿಯನ್ನು ಮೇಜಿನ ಮೇಲಿಟ್ಟು ಚಾಕು ತರಲು ಒಳಗೆ ಹೋದರು. ಹಿಂತಿರುಗಿದಾಗ ಹಣ್ಣಿಲ್ಲ, ಮೇಜಿನ ಕೆಳಗೆ ದ್ರಾಕ್ಷಿಯ ಮೂತಿ ಕೆಂಪಾಗಿತ್ತು. ಸಿಪ್ಪೆಯೂ ಮುಕ್ಕಾಲು ಪಾಲು ಮಾಯ. ಮಾಮ ಓಡಿಬಂದು ಅವಳ ಬಾಯಿ ಬಿಡಿಸಿ ನೋಡಿದರು. ಪ್ರಾಣಿ ವೈದ್ಯರಿಗೆ ಫೋನ್ ಹಚ್ಚಿದರು. ನಮ್ಮ ಹಳೆಯ ಡಾಕ್ಟರು ರಜೆಯಲ್ಲಿದ್ದರು, ಎತ್ತಿಕೊಂಡವರು ಹೊಸ ಡಾಕ್ಟರಮ್ಮ.

"ಡಾಕ್ಟ್ರೇ, ನಮ್ಮನೆ ನಾಯಿ... ದ್ರಾಕ್ಷಿ ತಿಂದ್ಬಿಟ್ಲು! ಸಿಪ್ಪೆ ಸಮೇತ!"

"ದ್ರಾಕ್ಷೀನಾ? ಕಿಡ್ನಿಗೇ ಹೊಡೆತ ಅದು! ಒಂದ್ನಿಮಿಷಾನೂ ತಡ ಮಾಡ್ಬೇಡಿ, ಕರ್ಕೊಂಡ್ ಬನ್ನಿ!"

ಮಾಮ ಕಲ್ಲಂಗಡಿಯೇ ಕಿಡ್ನಿಗೆ ಹೊಡೆತ ಎಂದುಕೊಂಡರು. ಮೂವರೂ ಆಟೋದಲ್ಲಿ ತುರುಕಿಕೊಂಡೆವು. ದ್ರಾಕ್ಷಿ ನನ್ನ ತೊಡೆಯ ಮೇಲೆ ಕೂತು ಹಾಯಾಗಿ ಗಾಳಿ ಕುಡಿಯುತ್ತಿದ್ದಳು. ಮಾಮ ಅವಳ ಪಂಜ ಹಿಡಿದುಕೊಂಡು ದಾರಿಯುದ್ದಕ್ಕೂ ಅತ್ತರು. ಅವರು ಅಳುವುದನ್ನು ನಾನು ಕಂಡಿರಲಿಲ್ಲ.

ಡಾಕ್ಟರಮ್ಮ ವಾಂತಿ ಮಾಡಿಸುವ ಇಂಜೆಕ್ಷನ್ ತುಂಬಿಸಿಕೊಂಡು ಸಿದ್ಧರಾಗಿದ್ದರು.

"ಎಷ್ಟು ತಿಂತು?"

"ಅರ್ಧ ಹಣ್ಣು ಡಾಕ್ಟ್ರೇ."

"ಅರ್ಧ ಹಣ್ಣಾ? ಅಷ್ಟಕ್ಕೆ ಹೀಗೆ ಅಳ್ತಿದೀರಾ?"

"ಚಿಕ್ಕದಲ್ಲಮ್ಮ, ಇಷ್ಟು ದಪ್ಪ ಇತ್ತು!" ಎಂದು ಮಾಮ ಎರಡೂ ತೋಳು ಬಳಸಿ ತೋರಿಸಿದರು.

ಡಾಕ್ಟರಮ್ಮ ಸಿರಿಂಜನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟರು. "ಇಷ್ಟು ದಪ್ಪ ದ್ರಾಕ್ಷಿ ಎಲ್ಲಿ ಸಿಗತ್ತೆ ಸಾರ್?"

ಅತ್ತೆಗೆ ಆಗ ಹೊಳೆಯಿತು. "ಅಯ್ಯೋ, ದ್ರಾಕ್ಷಿ ಅಂದ್ರೆ ಇವಳು! ಇವಳು ತಿಂದಿದ್ದು ಕಲ್ಲಂಗಡಿ!"

ಡಾಕ್ಟರಮ್ಮ ಕುರ್ಚಿಯಲ್ಲಿ ಕುಸಿದು ಕೂತು ನಕ್ಕರು. "ತಿರುಳಿಂದ ಏನೂ ಆಗಲ್ಲ, ಬೇಸಿಗೇಲಿ ಸ್ವಲ್ಪ ಕೊಟ್ರೆ ಒಳ್ಳೇದೇ. ಬೀಜ, ಸಿಪ್ಪೆ ಕೊಡ್ಬಾರ್ದು, ಕರುಳಲ್ಲಿ ಸಿಕ್ಕೊಳತ್ತೆ. ಎರಡು ದಿನ ಕಣ್ಣಿಟ್ಟಿರಿ, ವಾಂತಿ ಮಾಡಿದ್ರೆ, ಹೊಟ್ಟೆ ಕಟ್ಟಿದ್ರೆ ತಕ್ಷಣ ಬನ್ನಿ. ದ್ರಾಕ್ಷಿ, ಒಣದ್ರಾಕ್ಷಿ ಮಾತ್ರ ಒಂದೂ ಬೇಡ."

ನಾನು ಇಂಥ ಅವಕಾಶಕ್ಕಾಗಿ ವರ್ಷಗಟ್ಟಲೆ ಕಾದಿದ್ದೆ. "ಮಾಮ, 'ಕಲ್ಲಂಗಡಿಯನ್ನು' ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ?"

"ಇವಳು ಹೋಗ್ಬಿಡ್ತಾಳೆ ಅನ್ನೋವಾಗ ಯಾವ ಪ್ರತ್ಯಯ ನೆನಪಾಗತ್ತೆ, ಮುಂಡೇದೇ," ಎಂದು ಮಾಮ ಕಣ್ಣೊರೆಸಿಕೊಂಡರು. ನನ್ನ ಹಲ್ಲುಕಿರಿತ ಅಲ್ಲಿಗೇ ನಿಂತಿತು.

ಹೊರಡುವಾಗ ಡಾಕ್ಟರಮ್ಮ ಒಂದು ಕಿರುಪುಸ್ತಕ ಕೊಟ್ಟರು. "ಇದನ್ನ ಓದಿ ಸಾರ್, ಎಲ್ಲಾ ಇದೆ ಇದ್ರಲ್ಲಿ."

ಅತ್ತೆ ಅದನ್ನು ಹಿಂದೆ ಮುಂದೆ ತಿರುಗಿಸಿದರು. "ರೀ, ಇದು ನಿಮ್ಮ ಪ್ರೆಸ್ಸಿಂದೇ! ನೀವೇ ಮೂರು ಸಲ ತಿದ್ದಿದ್ದಲ್ವಾ?" ಮಾಮ ದ್ರಾಕ್ಷಿಯ ಕೊರಳಪಟ್ಟಿ ಸರಿಮಾಡತೊಡಗಿದರು.

ಸಂಜೆಯ ಹೊತ್ತಿಗೆ ಫ್ರಿಜ್ಜಿನ ಬಾಗಿಲಿಗೆ ಕೆಂಪಕ್ಷರದ ಚೀಟಿ ಅಂಟಿತ್ತು: "ದ್ರಾಕ್ಷಿಗೆ ದ್ರಾಕ್ಷಿಯನ್ನು ಕೊಡಬಾರದು."

ಮಾಮ ಜಗಲಿಯಲ್ಲಿ ಕೂತು ಆ ಕಿರುಪುಸ್ತಕ ಓದುತ್ತಿದ್ದರು, ಕಾಲಬುಡದಲ್ಲಿ ದ್ರಾಕ್ಷಿ ನಿದ್ದೆಹೋಗಿದ್ದಳು. ನಾನು ಹಿಂದಿನಿಂದ ಇಣುಕಿದೆ. ಒಂದು 'ಕಲಂಗಡಿ' ಮೂರು ತಿದ್ದುವಿಕೆಗಳನ್ನೂ ದಾಟಿ ಅಚ್ಚಾಗಿಬಿಟ್ಟಿತ್ತು. ಈಗ ಸಿಡಿಯುತ್ತಾರೆ ಎಂದು ಕಾದೆ. ಮಾಮನ ಬೆರಳು ಆ ಪದದ ಮೇಲೆ ಕ್ಷಣ ನಿಂತಿತು, ಆಮೇಲೆ ಮುಂದೆ ಸರಿಯಿತು. ನಾಯಿಗೆ ಒಂದು ಹೊತ್ತಿಗೆ ಎಷ್ಟು ಹೋಳು ಕೊಡಬಹುದು ಎಂದು ಮುಂದಿನ ಸಾಲಿನಲ್ಲಿತ್ತು. ಅದನ್ನವರು ಎರಡು ಸಲ ಓದಿದರು.