ಗಾಯ ಮಾಯುವವರೆಗಿನ ದರ

ಲೆಕ್ಕದಕ್ಕ ಶುಕ್ರವಾರ ಬೆಳಗ್ಗೆ ತೀರಿಕೊಂಡರು. ಹೃದಯಾಘಾತ. ಅರವತ್ತೊಂದು ವರ್ಷ. ಅವರ ತಂಗಿ ಫೋನಿನಲ್ಲಿ ತಿಳಿಸಿದಾಗ ಡಾಕ್ಟರಮ್ಮ ಕ್ಲಿನಿಕ್ಕಿನ ಬಾಗಿಲು ತೆಗೆಯುತ್ತಿದ್ದರು. ಆ ಬಾಗಿಲಿಗೆ ಸರ್ಕಾರದ ಬೀಗ ಬೀಳದೆ ಉಳಿದದ್ದು ಅಕ್ಕನ ದೆಸೆಯಿಂದ.

ಎರಡೇ ಕೋಣೆಯ ಕ್ಲಿನಿಕ್ಕು. ಹೊರಗಿನ ಕೋಣೆಯಲ್ಲಿ ಒಂದು ಬೆಂಚು, ತೂಕದ ಯಂತ್ರ, ಅಕ್ಕನ ಮೇಜು. ಇಪ್ಪತ್ತೆರಡು ವರ್ಷ ಅಕ್ಕ ಅಲ್ಲಿ ಕೂತು ಚೀಟಿ ಬರೆದರು, ಅಳುವ ಮಕ್ಕಳನ್ನು ರಮಿಸಿದರು, ಸರದಿ ತಪ್ಪಿಸಿ ನುಗ್ಗುವವರ ನೀರಿಳಿಸಿದರು. "ನಿಮಗೊಬ್ಬರಿಗೇನಾ ಜ್ವರ? ಆ ಬೆಂಚು ಮುಟ್ಟಿ ನೋಡಿ, ಅದಕ್ಕೂ ಬಂದಿದೆ. ಕೂತ್ಕೊಳ್ಳಿ." ಕಂಪ್ಯೂಟರು ಕಲಿತದ್ದು ಐವತ್ತೈದು ದಾಟಿದ ಮೇಲೆ, ಹಟ ಹಿಡಿದು.

ಕಳೆದ ತಿಂಗಳು ಸುತ್ತೋಲೆ ಬಂತು. ಸರ್ಕಾರ ಗೊತ್ತುಮಾಡಿದ ದರಕ್ಕಿಂತ ಹೆಚ್ಚು ತೆಗೆದುಕೊಳ್ಳುವ ಕ್ಲಿನಿಕ್ಕುಗಳ ಪರವಾನಗಿ ರದ್ದು. ವಾರದೊಳಗೆ ದರಪಟ್ಟಿ ಕಳಿಸಬೇಕು. ಅಕ್ಕ ಎಕ್ಸೆಲ್ ತೆರೆದು ಒಂದು ಕಾಲಮ್ಮಿನಲ್ಲಿ ಕ್ಲಿನಿಕ್ಕಿನ ದರ, ಪಕ್ಕದಲ್ಲಿ ಸರ್ಕಾರದ ದರ ಹಾಕಿದರು. ತಮ್ಮದು ಹೆಚ್ಚಿದ್ದ ಕಡೆ ಸಾಲು ಕೆಂಪಾಗುವಂತೆ ಮಾಡಿದ್ದರು. ಸುಟ್ಟ ಗಾಯ, ಕೊಯ್ದ ಗಾಯ, ಹುಣ್ಣು, ಎಲ್ಲ ಕೆಂಪು. ಡ್ರೆಸಿಂಗಿಗೆ ಸರ್ಕಾರದ್ದು ಅರವತ್ತು, ಇವರದು ಇನ್ನೂರು.

"ಇಷ್ಟು ವರ್ಷ ಜನರನ್ನ ಸುಲಿದ್ವಾ ಅಕ್ಕಾ?" ಡಾಕ್ಟರಮ್ಮನ ದನಿ ಉಡುಗಿತ್ತು.

"ಸುಲಿದಿದ್ರೆ ನಿಮ್ಮ ಚಪ್ಪಲಿ ಹೀಗಿರ್ತಿತ್ತಾ? ನಂಗೆ ಎರಡು ದಿನ ಕೊಡಿ."

ಆ ಎರಡು ದಿನ ಡಾಕ್ಟರಮ್ಮನಿಗೆ ಕ್ಲಿನಿಕ್ಕು ಮುಚ್ಚುವ ಚಿಂತೆ ಒಂದು ಕಡೆ. ರೋಗಿಗಳ ಮುಖ ನೋಡಲು ನಾಚಿಕೆ ಇನ್ನೊಂದು ಕಡೆ.

ಮೂರನೆಯ ದಿನ ಮಧ್ಯಾಹ್ನ, ಬೆಂಚು ಖಾಲಿಯಾದ ಮೇಲೆ, ಅಕ್ಕ ಡ್ರೆಸಿಂಗ್ ರಿಜಿಸ್ಟರುಗಳನ್ನು ಹೊತ್ತು ತಂದರು. "ಸರ್ಕಾರದ್ದು ಒಂದು ಸಲಕ್ಕೆ, ಡಾಕ್ಟ್ರೇ. ನಮ್ದು ಗಾಯಕ್ಕೆ!"

ನಿಜ. ಮೊದಲ ದಿನ ಒಮ್ಮೆ ತೆಗೆದುಕೊಂಡರೆ ಮುಗಿಯಿತು, ಆಮೇಲೆ ಗಾಯ ಮಾಯುವವರೆಗೂ ಕೇಳುವಂತಿಲ್ಲ. ಪ್ರತಿ ಸಲವೂ ಕೊಡಬೇಕೆಂದರೆ ಜನ ನಡುವೆಯೇ ಬಿಟ್ಟು, ಕೀವು ತುಂಬಿಕೊಂಡು ಬರುತ್ತಾರೆಂದು ಮೊದಲ ವರ್ಷವೇ ಅಕ್ಕ ಮಾಡಿದ ಕಟ್ಟಳೆ ಅದು. ಉಸಿರಾಟದಷ್ಟು ರೂಢಿಯಾಗಿ ಇಬ್ಬರಿಗೂ ಮರೆತೇಹೋಗಿತ್ತು.

"ಒಂದು ಗಾಯಕ್ಕೆ ಸರಾಸರಿ ಐದು ಸಲ ಬಂದಿದಾರೆ. ಇನ್ನೂರನ್ನ ಐದರಿಂದ ಭಾಗಿಸಿ. ನಲವತ್ತು!"

ಅಕ್ಕ ಗುಂಡಿ ಒತ್ತಿದರು. ಕೆಂಪು ಸಾಲುಗಳು ಒಂದೊಂದೇ ಬಿಳುಪಾದವು. ಡಾಕ್ಟರಮ್ಮ "ಉಸ್ಸಪ್ಪಾ" ಎಂದು ರೋಗಿಗಳ ಬೆಂಚಿನ ಮೇಲೆಯೇ ಕುಸಿದು ಕೂತು ನಕ್ಕರು.

ಒಂದು ಸಾಲು ಮಾತ್ರ ಕೆಂಪಾಗಿಯೇ ಉಳಿಯಿತು: ಕಿವಿ ತೊಳೆಯುವುದು.

"ಇದು ನಿಜವಾಗ್ಲೂ ಜಾಸ್ತೀನೇ," ಎಂದರು ಅಕ್ಕ. "ಇಳಿಸ್ಬೇಕು."

"ಇಳಿಸಿ ಅಕ್ಕಾ, ಇವತ್ತೇ ಇಳಿಸಿ!"

"ಪಟ್ಟೀಲಿ ಇಳಿಸಿ ಇವತ್ತೇ ಕಳಿಸ್ತೀನಿ. ಬೋರ್ಡು ಬದಲಿಸೋಕೆ ಅವರ ಪತ್ರ ಬರಲಿ, ತಾಳಿ."

ದರಪಟ್ಟಿ ಒಪ್ಪಿಗೆಯಾಗಿದೆ ಎಂಬ ಪತ್ರ ಗುರುವಾರ ಸಂಜೆ ಬಂತು. ಅಕ್ಕ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದರು. ಆಮೇಲೆ ಸ್ಟೂಲು ಹತ್ತಿ, ಗೋಡೆಯ ಬೋರ್ಡಿನಲ್ಲಿ ಕಿವಿಯ ಹಳೆಯ ದರವನ್ನು ಒದ್ದೆ ಬಟ್ಟೆಯಿಂದ ಒರೆಸಿ ಹೊಸದನ್ನು ಬರೆದರು.

"ಅದೊಂದೇ ಯಾಕೆ ಅಷ್ಟು ದಪ್ಪ?" ಎಂದರು ಡಾಕ್ಟರಮ್ಮ.

"ಕಿವಿ ಕೇಳಿಸದೇ ಇರೋರು ಬರೋದಲ್ವಾ? ಓದ್ಕೊಳ್ಲಿ," ಎಂದು ಇಳಿದು, ಕೈ ಒರೆಸಿಕೊಂಡು, ಅಕ್ಕ ಮನೆಗೆ ಹೊರಟರು.