ಗೇಟಿನ ಹೊರಗಿನ ಭಾನುವಾರ

ವಿಜಯಕುಮಾರ್ ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತರು. ತಪ್ಪು ಮಾಡಿದ ಕಾರ್ಮಿಕರಿಗೆ ಕನ್ನಡದಲ್ಲಿ ನೋಟಿಸು ಬರೆಯುವುದು ಅವರ ಕೆಲಸ. ಅವರ ನೋಟಿಸು ಓದಿದರೆ ಏನೂ ಮಾಡದವನಿಗೂ ಏನೋ ಮಾಡಿದ್ದೇನೆ ಅನ್ನಿಸಬೇಕು, ಅಂಥ ಕೈ. ಕೊರಳಿನ ಕಂಪನಿ ಟ್ಯಾಗನ್ನು ಅವರು ಕಳಚುತ್ತಿದ್ದದ್ದು ಸ್ನಾನಕ್ಕೆ, ನಿದ್ದೆಗೆ ಮಾತ್ರ. ಭಾನುವಾರ ಕತ್ರಿಗುಪ್ಪೆಯಲ್ಲಿ ಸೊಪ್ಪು ತರುವುದಕ್ಕೂ ಅದು ಬೇಕು. "ಸೊಪ್ಪಿನವಳು ನಿಮ್ಮ ಹಾಜರಿ ತಗೋತಾಳೇನ್ರೀ?" ಎಂದು ಹೆಂಡತಿ ಉಮಾಮಹೇಶ್ವರಿ ಕೇಳಿ ಕೇಳಿ ಸೋತಿದ್ದರು.

ಆ ಭಾನುವಾರ ಯಾರೋ ಒಬ್ಬ ಅವರ ಮನೆಯ ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸಿದ. ಮಾತಿಗೆ ಮಾತು ಬೆಳೆದು, ವಿಜಯಕುಮಾರ್ ಅವನ ಕೆನ್ನೆಗೊಂದು ಬಿಟ್ಟರು. ಅಲ್ಲಿಗೇ ನಿಲ್ಲಿಸಿದ್ದರೆ ಬೀದಿ ಜಗಳ ಬೀದಿಯಲ್ಲೇ ಮುಗಿಯುತ್ತಿತ್ತು. ಟ್ಯಾಗನ್ನು ಎತ್ತಿ ಹಿಡಿದು, "ನಾನ್ಯಾರು ಗೊತ್ತೇನೋ? ಯಾವ ಕಂಪನಿ ನೋಡ್ಕೋ," ಎಂದರು. ಅವನು ನೋಡಿಕೊಂಡ, ಮೊಬೈಲಿನಲ್ಲಿ ಹಿಡಿದುಕೊಂಡ. ಸೋಮವಾರ ಬೆಳಿಗ್ಗೆ ಆ ವಿಡಿಯೊ ಮ್ಯಾನೇಜರ್ ಪ್ರಕೃತಿ ಮೇಡಂಗೆ ತಲುಪಿತ್ತು. ಮೂರು ಗಂಟೆಗೆ ಬಂದು ಕಾಣಬೇಕೆಂದು ಅವರು ಹೇಳಿಕಳಿಸಿದರು.

ವಿಜಯಕುಮಾರ್ ಮಧ್ಯಾಹ್ನದ ಡಬ್ಬಿ ತೆರೆಯಲಿಲ್ಲ. ಕೆಲಸ ಹೋದರೆ ಐವತ್ತೆರಡರ ವಯಸ್ಸಿನಲ್ಲಿ ಯಾರು ಕರೆಯುತ್ತಾರೆ? ಅದಕ್ಕಿಂತ ಹೆಚ್ಚಾಗಿ ಅವರನ್ನು ಕಾಡಿದ್ದು ಕಟಿಂಗ್ ಸೆಕ್ಷನ್ನಿನ ಯಲ್ಲಯ್ಯ. ಎರಡು ತಿಂಗಳ ಹಿಂದೆ, ಅದೂ ಒಂದು ಭಾನುವಾರವೇ, ನೆಂಟರ ಮದುವೆಯಲ್ಲಿ ಯಲ್ಲಯ್ಯ ಹೊಡೆದಾಡಿದ್ದ. ಕೊರಳಲ್ಲಿ ಟ್ಯಾಗಿರಲಿಲ್ಲ, ಬಾಯಲ್ಲಿ ಕಂಪನಿಯ ಹೆಸರಿರಲಿಲ್ಲ. ಆದರೂ ವಿಜಯಕುಮಾರ್ ಬರೆದಿದ್ದರು: "ರಜೆಯ ದಿನವಾದರೂ, ಗೇಟಿನ ಹೊರಗಾದರೂ, ನೌಕರನ ನಡತೆಯೇ ಕಂಪನಿಯ ಮರ್ಯಾದೆ." ಮೇಡಂ ಆ ಸಾಲನ್ನು ಮೆಚ್ಚಿದ್ದರು. ಯಲ್ಲಯ್ಯನ ಕೆಲಸ ಹೋಗಿತ್ತು. ಮಾಡಿದ್ದುಣ್ಣೋ ಮಹರಾಯ ಎಂದು ಆಗ ನಕ್ಕವರಲ್ಲಿ ವಿಜಯಕುಮಾರ್ ಕೂಡ ಒಬ್ಬರು.

ಮೂರು ಗಂಟೆಗೆ ಒಳಗೆ ಹೋದರು. ಮೇಡಂ ಬೈಯಲಿಲ್ಲ. ಆಫೀಸಿನ ಹಳೆಯ ಫೈಲುಗಳೆಲ್ಲ ಇವರಿಗೇ ಗೊತ್ತು, ಇವರನ್ನು ಕಳೆದುಕೊಳ್ಳಲು ಅವರಿಗೆ ಮನಸ್ಸಿಲ್ಲ. "ಇದು ಕಂಪನಿಗೆ ಸಂಬಂಧಪಟ್ಟಿದ್ದಲ್ಲ ಅಂತ ಒಂದು ಆರ್ಡರ್ ಬರ್ಕೊಂಡು ಬನ್ನಿ. ಸೈನ್ ಹಾಕ್ತೀನಿ, ಮುಗಿದೋಯ್ತು," ಎಂದರು.

ಹೋದ ಜೀವ ಬಂದಂತಾಯಿತು. ಸೀಟಿಗೆ ಬಂದು ಬರೆದರು: "ಭಾನುವಾರ ಗೇಟಿನ ಹೊರಗೆ ನಡೆದ ಘಟನೆಗೆ ಕಂಪನಿಯ ಶಿಸ್ತು ನಿಯಮ ಅನ್ವಯಿಸುವುದಿಲ್ಲ." ಬರೆದದ್ದನ್ನು ಓದಿಕೊಂಡಾಗ ಅವರಿಗೆ ನಾಚಿಕೆಯಾಯಿತು. ಈ ಒಂದು ಸಾಲು ಅಂದು ಬರೆದಿದ್ದರೆ ಯಲ್ಲಯ್ಯ ಇವತ್ತು ಕಟಿಂಗ್ ಟೇಬಲ್ಲಿನ ಮುಂದೆ ಇರುತ್ತಿದ್ದ. ಮೇಡಂ ಸಹಿ ಹಾಕಿದರು, ಸೀಲು ಬಿತ್ತು. ವಿಜಯಕುಮಾರ್ ಅದರದೊಂದು ಜೆರಾಕ್ಸ್ ತೆಗೆದು ಮಡಚಿಟ್ಟುಕೊಂಡರು.

ಸಂಜೆ ಮನೆಗೆ ಹೋಗದೆ ಅಂಜನಾಪುರಕ್ಕೆ ಹೋದರು. ಬಾಗಿಲು ತೆರೆದ ಯಲ್ಲಯ್ಯ ಟ್ಯಾಗು ನೋಡಿ ಹಿಂದೆ ಸರಿದ. ಚಾಚಿದ ಕಾಗದವನ್ನು ಇನ್ನೊಂದು ನೋಟಿಸೆಂದು ತಿಳಿದು ಮುಟ್ಟಲಿಲ್ಲ. ಕೊನೆಗೆ ವಿಜಯಕುಮಾರ್ ತಾವೇ ಓದಿ ಹೇಳಿದರು. ಕೆಲಸದಿಂದ ತೆಗೆದದ್ದಕ್ಕೆ ಅವನು ಹಾಕಿದ ಕೇಸು ಗುರುವಾರ ಲೇಬರ್ ಆಫೀಸಿನಲ್ಲಿದೆ, ಅಲ್ಲಿ ಇದನ್ನು ತೋರಿಸಬೇಕು, ಸಾಕ್ಷಿಗೆ ತಾನೇ ನಿಲ್ಲುತ್ತೇನೆ ಎಂದರು.

ಯಲ್ಲಯ್ಯ ಕಾಗದವನ್ನು ಕೈಗೆ ತೆಗೆದುಕೊಂಡ. ಆಮೇಲೆ, "ನಿಮ್ ಕೆಲ್ಸ ಹೋಯ್ತದೆ ಸಾರ್. ಮನೇಲಿ ಯೋಚ್ನೆ ಮಾಡಿ, ಆಮೇಲೆ ಹೇಳಿ," ಎಂದ.

"ಗುರುವಾರಕ್ಕೆ ರಜಾ ಚೀಟಿ ಕೊಟ್ಟೇ ಬಂದಿದೀನಿ," ಎಂದರು ವಿಜಯಕುಮಾರ್. "ಕಾರಣ ಅಂತ ಇರೋ ಕಡೆ ನಿನ್ನ ಹೆಸರೇ ಬರ್ದಿದೀನಿ ಕಣಯ್ಯ."